ವಸ್ತು ಬಿಟ್ಟ ಮೇಲೆ ಚಿತ್ರ ನಿಲ್ಲುವುದು ಯಾವುದರ ಮೇಲೆ?

1911ರ ಡಿಸೆಂಬರಿನಲ್ಲಿ ಮ್ಯೂನಿಕ್‌ನಿಂದ ಹೊರಬಂದ ತನ್ನ ಪುಸ್ತಕದಲ್ಲಿ ರಷ್ಯನ್ ಚಿತ್ರಕಾರ ವಾಸಿಲಿ ಕ್ಯಾಂಡಿನ್‌ಸ್ಕಿ ಒಂದು ಭಯವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಪ್ರಕೃತಿಯೊಂದಿಗಿನ ನಂಟನ್ನು ಈಗಿಂದೀಗಲೇ ಕಡಿದುಕೊಂಡು ಬರೀ ಬಣ್ಣ, ಬರೀ ಆಕಾರಗಳಿಂದ ಚಿತ್ರ ಮಾಡಲು ಹೊರಟರೆ ಕೈಗೆ ಬರುವುದು ಟೈ ಮೇಲಿನ ವಿನ್ಯಾಸದಂಥ, ರತ್ನಗಂಬಳಿಯ ಅಲಂಕಾರದಂಥ ಒಂದು ವಸ್ತು ಅಷ್ಟೇ ಎಂಬುದು ಅವನ ಭಯ. ಅಮೂರ್ತ ಕಲೆಯ ಪ್ರವರ್ತಕ ಎಂದು ನಾವು ಕರೆಯುವವನೇ ಅದರ ಬಗ್ಗೆ ಇಷ್ಟು ಹೆದರಿದ್ದ. ಈ ಉಪನ್ಯಾಸ ಆ ಭಯದ ಹಿಂದೆಯೇ ಹೋಗುತ್ತದೆ. ಅಮೂರ್ತ ಕಲೆ ಹುಟ್ಟಿದ್ದು ವಸ್ತುವನ್ನು ಬಿಟ್ಟುಬಿಡುವ ಧೈರ್ಯದಿಂದ ಎನ್ನುವ ಮಾತನ್ನು ಎಲ್ಲೆಡೆ ಕೇಳುತ್ತೇವೆ. ಆದರೆ ಬಿಡುವುದು ಅಷ್ಟೇನೂ ಕಷ್ಟವಲ್ಲ. ಬಿಟ್ಟ ಮೇಲೆ ಚಿತ್ರವನ್ನು ಹಿಡಿದು ನಿಲ್ಲಿಸುವುದು ಯಾವುದು ಎಂಬುದು ಕಷ್ಟದ ಪ್ರಶ್ನೆ. ಆ ಪ್ರಶ್ನೆಗೆ ಸಿಕ್ಕ ಉತ್ತರಗಳೇ ಈ ಕಲೆಯ ಚರಿತ್ರೆ.

ಒಂದು ಸ್ಥಿರಚಿತ್ರ ತೆಗೆದುಕೊಳ್ಳಿ: ಮೇಜಿನ ಮೇಲೆ ಒಂದು ಹೂಜಿ, ಎರಡು ಹಣ್ಣು. ಅಲ್ಲಿ ವಸ್ತುಗಳು ನಮಗೆ ತಿಳಿಯದಂತೆಯೇ ಎಷ್ಟು ಕೆಲಸ ಮಾಡುತ್ತವೆ ನೋಡಿ. ಮೇಜು ಇರುವುದರಿಂದ ಯಾವುದು ಕೆಳಗೆ, ಯಾವುದು ಮೇಲೆ ಎಂದು ಗೊತ್ತಾಗುತ್ತದೆ. ಹಣ್ಣು ಹೂಜಿಯನ್ನು ಸ್ವಲ್ಪ ಮರೆಮಾಡಿರುವುದರಿಂದ ಯಾವುದು ಮುಂದೆ ಎಂದು ತಿಳಿಯುತ್ತದೆ. ನೆರಳಿನಿಂದ ಬೆಳಕಿನ ದಿಕ್ಕು, ಹಣ್ಣಿನಿಂದ ಉಳಿದವುಗಳ ಅಳತೆ. ಚಿತ್ರ ಎಲ್ಲಿಗೆ ಮುಗಿಯಿತು ಎಂಬುದನ್ನೂ ವಸ್ತುವೇ ಹೇಳುತ್ತದೆ. ಹೂಜಿ ಹೂಜಿಯಂತೆ ಕಂಡಾಗ ಕುಂಚ ಕೆಳಗಿಡಬಹುದು. ಹೂಜಿಯನ್ನೂ ಹಣ್ಣನ್ನೂ ತೆಗೆದರೆ ಈ ಎಲ್ಲ ಕೆಲಸಗಳೂ ಅನಾಥವಾಗುತ್ತವೆ. ಅವನ್ನು ಈಗ ಬಣ್ಣ, ಗೆರೆ, ಅಂಚು, ತೂಕಗಳೇ ವಹಿಸಿಕೊಳ್ಳಬೇಕು.

ಕ್ಯಾಮೆರಾ ಬಂತು, ಚಿತ್ರಕಾರನ ಕೆಲಸ ಹೋಯಿತು, ಹಾಗಾಗಿ ಅವನು ಅಮೂರ್ತದತ್ತ ತಿರುಗಿದ ಎಂಬ ವಿವರಣೆ ಪಾಠಪುಸ್ತಕಗಳಲ್ಲಿ ಬೇರೂರಿದೆ. ಅರ್ಧ ಮಾತ್ರ ನಿಜ. ದಗೇರ್‌ನ ಛಾಯಾಚಿತ್ರ ವಿಧಾನ ಲೋಕಕ್ಕೆ ತಿಳಿದದ್ದು 1839ರಲ್ಲಿ. ಮೊದಲ ಪೂರ್ಣ ಅಮೂರ್ತ ಚಿತ್ರಗಳು ಪ್ರದರ್ಶನಕ್ಕೆ ಬಂದದ್ದು 1912ರ ಸುಮಾರಿಗೆ. ನಡುವೆ ಎಪ್ಪತ್ತು ವರ್ಷಗಳಿವೆ. ಕ್ಯಾಮೆರಾ ಭಾವಚಿತ್ರದ ಬೇಡಿಕೆಯನ್ನು ಕಿತ್ತುಕೊಂಡಿತು ನಿಜ, ಆದರೆ ಅದರ ಜಾಗದಲ್ಲಿ ಏನು ಮಾಡಬೇಕೆಂದು ಹೇಳಿಕೊಡಲಿಲ್ಲ. ಅದನ್ನು ಹೇಳಿಕೊಟ್ಟವು ಬೇರೆ ಎರಡು ಸಂಗತಿಗಳು. 1841ರಲ್ಲಿ ಜಾನ್ ಗಾಫ್ ರಾಂಡ್ ಎಂಬ ಅಮೆರಿಕನ್ ಚಿತ್ರಕಾರ ಹಿಂಡಿ ಬಳಸುವ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ಅದುವರೆಗೆ ತೈಲವರ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು. ಚುಚ್ಚಿ ತೆರೆದ ಮೇಲೆ ಬಣ್ಣ ಬೇಗ ಒಣಗಿ ಹಾಳಾಗುತ್ತಿತ್ತು. ಟ್ಯೂಬ್ ಬಂದ ಮೇಲೆ ಗಟ್ಟಿ, ತಾಜಾ ಬಣ್ಣ ಬೇಕಾದಾಗ ಬೇಕಾದಷ್ಟು ಕೈಗೆ ಸಿಗತೊಡಗಿತು.

ಇನ್ನೊಂದು ಹೆಚ್ಚು ಆಳದ್ದು. ಪ್ಯಾರಿಸ್‌ನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ದಾರ ಮಂಕಾಗಿ ಕಾಣುತ್ತದೆ ಎಂಬ ದೂರಿತ್ತು. ರಸಾಯನಶಾಸ್ತ್ರಜ್ಞ ಶೆವ್ರೆಲ್ ಪರೀಕ್ಷಿಸಿದಾಗ ದೋಷ ಬಣ್ಣದಲ್ಲಿರಲಿಲ್ಲ, ಪಕ್ಕದ ದಾರದಲ್ಲಿತ್ತು. ಅಕ್ಕಪಕ್ಕ ಇಟ್ಟ ಎರಡು ಬಣ್ಣಗಳು ಒಂದನ್ನೊಂದು ದೂರ ತಳ್ಳುತ್ತವೆ: ಹಳದಿಯ ನಡುವೆ ಇಟ್ಟ ಬೂದು ನೇರಳೆಯತ್ತ ವಾಲುತ್ತದೆ, ಕೆಂಪಿನ ನಡುವೆ ಇಟ್ಟರೆ ಹಸಿರಿನತ್ತ. 1839ರಲ್ಲಿ ಅವನು ಇದನ್ನು ನಿಯಮವಾಗಿ ಪ್ರಕಟಿಸಿದ. ಬಣ್ಣ ಒಂದು ವಸ್ತುವಿನ ಗುಣ ಮಾತ್ರವಲ್ಲ, ಎರಡು ಮೇಲ್ಮೈಗಳ ನಡುವಿನ ಸಂಬಂಧವೂ ಹೌದು ಎಂದಾದ ಕೂಡಲೇ ಚಿತ್ರಕಾರನಿಗೆ ವಸ್ತುವಿಲ್ಲದೆಯೂ ದುಡಿಸಿಕೊಳ್ಳಬಹುದಾದ ಒಂದು ಶಕ್ತಿ ಸಿಕ್ಕಿತು.

1890ರಲ್ಲಿ ಫ್ರೆಂಚ್ ಚಿತ್ರಕಾರ ಮೋರಿಸ್ ದೆನಿ ಬರೆದ ಒಂದು ಮಾತು ಈ ಅರಿವಿನಿಂದಲೇ ಬಂದದ್ದು: ಚಿತ್ರವೆಂಬುದು ಯುದ್ಧದ ಕುದುರೆಯೋ ನಗ್ನ ಹೆಣ್ಣೋ ಆಗುವ ಮೊದಲು, ಒಂದು ಕ್ರಮದಲ್ಲಿ ಬಣ್ಣ ಹಚ್ಚಿದ ಸಪಾಟು ಮೇಲ್ಮೈ. ಸೆಜಾನ್ ಇದನ್ನು ಮಾಡಿಯೇ ತೋರಿಸಿದ. ಅವನ ಕೊನೆಯ ವರ್ಷಗಳ ಸೇಂತ್ ವಿಕ್ತ್ವಾರ್ ಬೆಟ್ಟದ ಚಿತ್ರಗಳಲ್ಲಿ ಬೆಟ್ಟ, ಮರ, ಮನೆ ಎಲ್ಲವೂ ಒಂದೇ ಬಗೆಯ ಚಿಕ್ಕ ಚಿಕ್ಕ ಬಣ್ಣದ ತುಣುಕುಗಳಿಂದ ಕಟ್ಟಿದಂಥವು. ನಡುನಡುವೆ ಬರಿಯ ಕ್ಯಾನ್ವಾಸ್ ಹಾಗೇ ಉಳಿದಿರುತ್ತದೆ. ಅಲ್ಲಿ ಒಂದು ಹಸಿರು ತುಣುಕು ಮರದ ಭಾಗವಾಗಿ ಮಾತ್ರ ಇರುವುದಿಲ್ಲ, ಪಕ್ಕದ ಕಂದು ತುಣುಕಿಗೆ ಉತ್ತರವಾಗಿಯೂ ಇರುತ್ತದೆ. 1906ರಲ್ಲಿ ಅವನು ತೀರಿಕೊಂಡ. ಮರುವರ್ಷ ಪ್ಯಾರಿಸ್‌ನ ಶರತ್ಕಾಲದ ಸಲೋನ್‌ನಲ್ಲಿ ಅವನ ಕೃತಿಗಳ ದೊಡ್ಡ ಪ್ರದರ್ಶನ ನಡೆಯಿತು. ಬ್ರಾಕ್ ಮತ್ತು ಪಿಕಾಸೊ ಮುಂದೆ ಹೋದದ್ದು ಅಲ್ಲಿಂದ.

ಆದರೆ ಅವರಿಬ್ಬರು ಕಟ್ಟಿದ ಕ್ಯೂಬಿಸಂ ಎಂಬ ಶೈಲಿ ಅಮೂರ್ತವಲ್ಲ. ಈ ಗೊಂದಲ ಇನ್ನೂ ಹೋಗಿಲ್ಲ. 1910ರಿಂದ 1912ರವರೆಗೆ ಇಬ್ಬರೂ ಪಿಟೀಲು, ಸೀಸೆ, ಮುಖಗಳನ್ನು ಒಡೆದು ಕಂದು, ಬೂದು ಬಣ್ಣದ ಸಣ್ಣ ಹಲಗೆಗಳಾಗಿ ಹರಡಿದರು. ವಸ್ತು ಪೂರಾ ಕರಗಿಹೋಗುವ ಹಂತಕ್ಕೆ ಬಂದಾಗ ಇಬ್ಬರೂ ಅಲ್ಲೇ ನಿಂತರು. ಬ್ರಾಕ್ ಒಂದು ಪಿಟೀಲಿನ ಚಿತ್ರದಲ್ಲಿ ನಿಜವಾದ ಮೊಳೆಯಂತೆಯೇ ಕಾಣುವ ಒಂದು ಮೊಳೆ ಬರೆದ. ಚಿತ್ರಕ್ಕೆ ಅಚ್ಚಿನ ಅಕ್ಷರಗಳನ್ನು ತಂದವನೂ ಅವನೇ. 1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆ ಅಚ್ಚೊತ್ತಿದ ಮೇಣಬಟ್ಟೆಯನ್ನೇ ಕ್ಯಾನ್ವಾಸಿಗೆ ಅಂಟಿಸಿದ. ಇವೆಲ್ಲ ಲೋಕಕ್ಕೆ ಬಿಗಿದ ಹಗ್ಗಗಳು. ಆ ಹಗ್ಗ ಕಡಿದರೆ ಚಿತ್ರ ಬರೀ ವಿನ್ಯಾಸವಾಗುತ್ತದೆ ಎಂದು ಅವರಿಗೂ ಅನ್ನಿಸಿತ್ತು. ಕ್ಯಾಂಡಿನ್‌ಸ್ಕಿಯ ಭಯವೂ ಇದೇ ಆಗಿತ್ತು, ಆದರೆ ಅವನು ದಾಟಿದ.

ಕ್ಯಾಂಡಿನ್‌ಸ್ಕಿ ಕಾನೂನು ಓದಿದವನು. 1896ರಲ್ಲಿ ಮಾಸ್ಕೋದ ಪ್ರದರ್ಶನವೊಂದರಲ್ಲಿ ಮೋನೆಯ ಹುಲ್ಲಿನ ಬಣವೆಯ ಚಿತ್ರದ ಮುಂದೆ ನಿಂತಾಗ ಅದು ಬಣವೆ ಎಂದು ಅವನಿಗೆ ತಿಳಿಯಲೇ ಇಲ್ಲ. ಕ್ಯಾಟಲಾಗ್ ನೋಡಿ ತಿಳಿದುಕೊಂಡ. ವಸ್ತು ಗೊತ್ತಾಗದಿದ್ದರೂ ಚಿತ್ರ ಮನಸ್ಸನ್ನು ಹಿಡಿದಿತ್ತು. ಮುಂದೆ ಒಂದು ಸಂಜೆ ಸ್ಟುಡಿಯೊಗೆ ಮರಳಿದಾಗ ಮಬ್ಬು ಬೆಳಕಿನಲ್ಲಿ ಅಪೂರ್ವವಾಗಿ ಹೊಳೆಯುತ್ತಿದ್ದ ಚಿತ್ರವೊಂದನ್ನು ಕಂಡ; ಹತ್ತಿರ ಹೋದರೆ ಅದು ಅವನದೇ ಚಿತ್ರ, ಅಡ್ಡಡ್ಡಲಾಗಿ ನಿಲ್ಲಿಸಿದ್ದು. ಈ ಎರಡನ್ನೂ ಅವನೇ 1913ರಲ್ಲಿ ಬರೆದಿದ್ದಾನೆ. ಎರಡನೆಯದರ ಮುಂದಿನ ಭಾಗವನ್ನು ಹೇಳುವವರು ಕಡಿಮೆ, ನಮಗೆ ಮುಖ್ಯವಾದದ್ದು ಅದೇ. ಮರುದಿನ ಹಗಲಿನಲ್ಲಿ ಅದೇ ಚಿತ್ರವನ್ನು ಅಡ್ಡವಾಗಿಟ್ಟು ನೋಡಿದರೂ ಹಿಂದಿನ ಸಂಜೆಯ ಅನುಭವ ಪೂರ್ತಿ ಮರಳಲಿಲ್ಲ. ಕಣ್ಣು ಮತ್ತೆ ಮತ್ತೆ ವಸ್ತುವನ್ನು ಗುರುತಿಸಿಬಿಡುತ್ತಿತ್ತು. ವಸ್ತು ಇದ್ದಷ್ಟು ಹೊತ್ತೂ ಬಣ್ಣಕ್ಕೆ ಮಾತಾಡಲು ಬಿಡುವುದಿಲ್ಲ ಎಂದು ಅವನಿಗೆ ಖಚಿತವಾದದ್ದು ಹೀಗೆ.

ಅವನು ಕಂಡುಕೊಂಡ ವಿಧಾನ ಬಿಡುವುದಲ್ಲ, ಮರೆಸುವುದು. 1913ರ ‘ಕಾಂಪೊಸಿಷನ್ 7’ ಅದಕ್ಕೆ ಉತ್ತಮ ಉದಾಹರಣೆ. ಸುಮಾರು 2 ಮೀಟರ್ ಎತ್ತರ, 3 ಮೀಟರ್ ಅಗಲ. ಈಗ ಮಾಸ್ಕೋದ ತ್ರೆತ್ಯಾಕೊವ್ ಗ್ಯಾಲರಿಯಲ್ಲಿದೆ. ಬಣ್ಣ ಎರಚಿದಂತೆ ಕಾಣುವ ಈ ಚಿತ್ರಕ್ಕೆ ಮೊದಲು 30ಕ್ಕೂ ಹೆಚ್ಚು ಕರಡುಗಳನ್ನು ಪೆನ್ಸಿಲ್, ಜಲವರ್ಣ, ತೈಲವರ್ಣಗಳಲ್ಲಿ ಮಾಡಿದ್ದ. ಪ್ರಳಯ, ಪುನರುತ್ಥಾನ, ಅಂತಿಮ ತೀರ್ಪು ಮೊದಲಾದ ಬೈಬಲ್ ವಿಷಯಗಳು ಹಿಂದಿನ ಚಿತ್ರಗಳಲ್ಲಿ ಬಿಡಿಸಿ ಕಾಣುವಂತೆಯೇ ಇದ್ದವು. ಕರಡಿನಿಂದ ಕರಡಿಗೆ ಅವುಗಳ ಹೊರಗೆರೆ ಕಳಚುತ್ತ ಬಂದು, ಕೊನೆಯ ಚಿತ್ರದ ಎಡ ಕೆಳಮೂಲೆಯಲ್ಲಿ ದೋಣಿಯ ಬದಲು ಹುಟ್ಟುಗಳಂತೆ ಓರೆಯಾಗಿ ನಿಂತ ಕೆಲವು ಗೆರೆಗಳು ಮಾತ್ರ ಉಳಿದವು. ಇಷ್ಟು ತಯಾರಿಯ ನಂತರ ದೊಡ್ಡ ಕ್ಯಾನ್ವಾಸನ್ನು ಅವನು ತುಂಬಿಸಿದ್ದು ನಾಲ್ಕೇ ದಿನಗಳಲ್ಲಿ, ನವೆಂಬರ್ 25ರಿಂದ 28ರೊಳಗೆ. ಅವನ ಸಂಗಾತಿ, ಚಿತ್ರಕಾರ್ತಿ ಗಾಬ್ರಿಯೆಲೆ ಮ್ಯೂಂಟರ್ ಅದನ್ನು ಹಂತಹಂತವಾಗಿ ಫೋಟೊ ತೆಗೆದಿಟ್ಟಿದ್ದರಿಂದ ಇದು ನಮಗೆ ಗೊತ್ತು. ಅಮೂರ್ತ ಚಿತ್ರವೆಂದರೆ ಆ ಕ್ಷಣದ ಲಹರಿ ಎನ್ನುವವರು ಈ 30 ಕರಡುಗಳನ್ನು ಒಮ್ಮೆ ನೋಡಬೇಕು.

ಚಿತ್ರವನ್ನು ಹಿಡಿದಿಟ್ಟದ್ದು ಏನು? ಸಂಗೀತದ ಮಾದರಿ. 1911ರ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ಆಧಾರ ಶ್ರುತಿಯನ್ನು ಬಿಟ್ಟು ಸಂಗೀತ ರಚಿಸಿದ ಶೋನ್‌ಬರ್ಗ್‌ನ ಕಛೇರಿ ಕೇಳಿ ಬಂದ ಕೂಡಲೇ ಅವನು ಬರೆದ ‘ಇಂಪ್ರೆಷನ್ 3’ ಚಿತ್ರದಲ್ಲಿ ಪಿಯಾನೊ ಕಪ್ಪು ತ್ರಿಕೋನದಂತಾಗಿ, ಹಳದಿ ಪ್ರವಾಹವೊಂದು ಅದನ್ನು ಒತ್ತರಿಸಿ ಬರುತ್ತದೆ. ಒಂದು ಆಧಾರ ಶ್ರುತಿಯ ಸುತ್ತ ಸುತ್ತದೆಯೇ ಸ್ವರಗಳು ನಿಲ್ಲಬಲ್ಲವು ಎಂದಾದರೆ, ಒಂದು ವಸ್ತುವಿನ ಸುತ್ತ ಸುತ್ತದೆ ಬಣ್ಣಗಳೂ ನಿಲ್ಲಬಲ್ಲವು ಎಂಬ ಭರವಸೆ ಅವನಿಗೆ ಅಲ್ಲಿ ಸಿಕ್ಕಿತು.

‘ಮೊದಲಿಗರು ಯಾರು’ ಎಂಬ ಜಗಳಕ್ಕೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಕ್ಯಾಂಡಿನ್‌ಸ್ಕಿ 1910 ಎಂದು ದಿನಾಂಕ ಹಾಕಿದ ಜಲವರ್ಣ 1913ರದ್ದೇ ಇರಬೇಕೆಂದು ಬಹಳ ವಿದ್ವಾಂಸರ ಅಭಿಪ್ರಾಯ. ಅದು ‘ಕಾಂಪೊಸಿಷನ್ 7’ರ ಕರಡುಗಳಿಗೆ ಅಷ್ಟು ಹತ್ತಿರವಿದೆ. ಕುಪ್ಕಾ 1912ರಲ್ಲಿ ಪ್ಯಾರಿಸ್‌ನಲ್ಲಿ ‘ಅಮೋರ್ಫಾ’ ತೋರಿಸಿದ; ಚೆಂಡಾಡುವ ಹುಡುಗಿಯ ಚಲನೆಯ ರೇಖಾಚಿತ್ರಗಳಿಂದ ಶುರುವಾಗಿ ಹುಡುಗಿಯೂ ಚೆಂಡೂ ಹೋಗಿ ಕೆಂಪು, ನೀಲಿಯ ಸುತ್ತುಗಳಷ್ಟೇ ಉಳಿದ ಚಿತ್ರ ಅದು. ಅದೇ ವರ್ಷ ದೆಲೊನೇ ಶೆವ್ರೆಲ್‌ನ ನಿಯಮವನ್ನೇ ಹಿಡಿದು ಕಿಟಕಿಗಳ ಸರಣಿ ಮಾಡಿದ. ಇವರೆಲ್ಲರಿಗಿಂತ ಮೊದಲು, 1907ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ ಹಿಲ್ಮಾ ಆಫ್ ಕ್ಲಿಂಟ್ 3 ಮೀಟರಿಗೂ ಎತ್ತರದ ಹತ್ತು ಚಿತ್ರಗಳನ್ನು ಕಾಗದದ ಮೇಲೆ ಟೆಂಪೆರಾದಲ್ಲಿ ಮಾಡಿದ್ದಳು. ತಾನು ಸತ್ತು 20 ವರ್ಷವಾಗುವವರೆಗೆ ಇವನ್ನು ತೋರಿಸಬಾರದೆಂದು ಆಕೆ ಹೇಳಿಟ್ಟಿದ್ದಳು. 1944ರಲ್ಲಿ ತೀರಿಕೊಂಡಳು, ಹೊರಲೋಕ ಆಕೆಯ ಚಿತ್ರಗಳನ್ನು ಕಂಡದ್ದು 1986ರಲ್ಲಿ ಲಾಸ್ ಏಂಜಲೀಸ್‌ನ ಪ್ರದರ್ಶನದಲ್ಲಿ. ಆಕೆಯ ಉತ್ತರವೇ ಬೇರೆ. ನೀಲಿ ಹೆಣ್ಣು, ಹಳದಿ ಗಂಡು ಎಂಬಂತೆ ಬಣ್ಣಕ್ಕೆ, ಸುರುಳಿಗೆ, ಅಕ್ಷರಕ್ಕೆ ಅರ್ಥ ಕೊಟ್ಟ ಸಂಕೇತಗಳ ವ್ಯವಸ್ಥೆಯೇ ಆ ಚಿತ್ರಗಳ ಬೆನ್ನೆಲುಬು. ಚರಿತ್ರೆಯಲ್ಲಿ ಆಕೆಗೆ ಸಿಗಬೇಕಾದ ಜಾಗ ತಡವಾಗಿ ಸಿಕ್ಕಿದೆ. ಅದು ದಿನಾಂಕಕ್ಕಾಗಿ ಮಾತ್ರವಲ್ಲ, ಈ ಉತ್ತರಕ್ಕಾಗಿಯೂ ಸಲ್ಲಬೇಕು.

ಈಗ ರಷ್ಯಾದ ಚಿತ್ರಕಾರ ಮಾಲೆವಿಚ್. 1915ರ ಡಿಸೆಂಬರಿನಲ್ಲಿ ಪೆಟ್ರೊಗ್ರಾಡ್‌ನ ‘0,10’ ಪ್ರದರ್ಶನದಲ್ಲಿ ಅವನ ‘ಕಪ್ಪು ಚೌಕ’ವನ್ನು ಎರಡು ಗೋಡೆ ಸೇರುವ ಮೇಲಿನ ಮೂಲೆಯಲ್ಲಿ ತೂಗುಹಾಕಿದ್ದರು. ರಷ್ಯಾದ ಮನೆಗಳಲ್ಲಿ ಆ ಮೂಲೆ ದೇವರ ಪಟಕ್ಕೆ ಮೀಸಲು. 79.5 ಸೆಂಟಿಮೀಟರ್ ಅಳತೆಯ ಕ್ಯಾನ್ವಾಸ್, ಅದರ ಮೇಲೆ ಬಿಳಿ ಅಂಚಿನ ನಡುವೆ ಒಂದು ಕಪ್ಪು ಚೌಕ. ಮುದ್ರಿತ ಪ್ರತಿಗಳಲ್ಲಿ ನೋಡಿದವರಿಗೆ ಅಳತೆಪಟ್ಟಿ ಹಿಡಿದು ಎಳೆದಂತೆ ಕಾಣಬಹುದು. ಹತ್ತಿರದಿಂದ ನೋಡಿದರೆ ಚೌಕದ ಯಾವ ಬದಿಯೂ ಕ್ಯಾನ್ವಾಸಿನ ಅಂಚಿಗೆ ಸರಿಸಮಾನಾಂತರವಾಗಿಲ್ಲ. ಆ ಕೂದಲೆಳೆಯಷ್ಟು ಓರೆಯಿಂದಲೇ ಚೌಕ ಗೋಡೆಗೆ ಅಂಟಿದಂತೆ ಕಾಣದೆ ತೇಲುತ್ತದೆ. ಕುಂಚದ ಗುರುತುಗಳು ಸ್ಪಷ್ಟವಾಗಿವೆ. ಕಪ್ಪಿನ ತುಂಬ ಬಿರುಕುಗಳು. ಬಿರುಕಿನಲ್ಲಿ ಕೆಳಗಿನ ಬಣ್ಣಗಳು ಇಣುಕುತ್ತವೆ.

ಆ ಬಿರುಕಿಗೆ ಕಾರಣ ತೀರಾ ಲೌಕಿಕವಾದದ್ದು. 2015ರಲ್ಲಿ ತ್ರೆತ್ಯಾಕೊವ್ ಗ್ಯಾಲರಿಯ ಪರಿಣತರು ಎಕ್ಸ್‌ರೇ ಪರೀಕ್ಷೆಯಲ್ಲಿ ಕಪ್ಪಿನ ಅಡಿಯಲ್ಲಿ ಹಿಂದಿನ ಬಣ್ಣದ ಚಿತ್ರಗಳನ್ನು ಕಂಡರು. ಅವು ಸರಿಯಾಗಿ ಒಣಗುವ ಮೊದಲೇ ಮಾಲೆವಿಚ್ ಮೇಲೆ ಕಪ್ಪು ಬಳಿದಿದ್ದ. ಮೇಲಿನ ಪದರ ಬಿಗಿದುಕೊಂಡ ಮೇಲೂ ಕೆಳಗಿನದು ಅಲುಗಾಡುತ್ತಲೇ ಇತ್ತು, ಹಾಗಾಗಿ ಮೇಲಿನದು ಸೀಳಿತು. ಮೂರು ವರ್ಷಗಳ ನಂತರ, 1918ರಲ್ಲಿ, ಅವನು ಬಿಳಿಯ ಮೇಲೆ ಬಿಳಿ ಚೌಕ ಮಾಡಿದ. ಅಲ್ಲಿ ಎರಡು ಬಿಳಿಗಳು ಒಂದೇ ಅಲ್ಲ: ಓರೆಯಾಗಿ ನಿಂತ ಚೌಕ ತುಸು ತಂಪು, ಹಿನ್ನೆಲೆ ತುಸು ಬೆಚ್ಚಗೆ. ಇಷ್ಟೇ ಅಂತರದ ಮೇಲೆ ಆ ಇಡೀ ಚಿತ್ರ ನಿಂತಿದೆ. ಮಾಲೆವಿಚ್‌ನ ಉತ್ತರ ಇದು: ಒಂದೇ ಆಕಾರ, ಅದಕ್ಕೂ ಅಂಚಿಗೂ ಇರುವ ಎಳೆತ.

ಡಚ್ ಚಿತ್ರಕಾರ ಮೊಂಡ್ರಿಯನ್ ಇವರೆಲ್ಲರಿಗಿಂತ ನಿಧಾನಿ. ಅವನ ದಾರಿಯ ಒಂದೊಂದು ಹೆಜ್ಜೆಯೂ ನಮಗೆ ಉಳಿದಿರುವುದು ಕಲಿಯುವವರ ಭಾಗ್ಯ. 1908ರ ಸುಮಾರಿನ ಕೆಂಪು ಮರ, 1911ರ ಬೂದು ಮರ, 1912ರ ಹೂಬಿಟ್ಟ ಸೇಬಿನ ಮರ, ಈ ಮೂರನ್ನು ಪಕ್ಕಪಕ್ಕ ಇಡಿ. ಮೊದಲನೆಯದರಲ್ಲಿ ನೀಲಿಯ ಎದುರು ಕೆಂಪು ಕೊಂಬೆಗಳು. ಬಣ್ಣ ಬದಲಾಗಿದೆ, ಮರ ಮರವೇ. ಎರಡನೆಯದರಲ್ಲಿ ಕೊಂಬೆಗಳ ನಡುವಿನ ಖಾಲಿ ಜಾಗಕ್ಕೂ ಕೊಂಬೆಯಷ್ಟೇ ದಪ್ಪನಾಗಿ ಬಣ್ಣ ಹಚ್ಚಿದ್ದಾನೆ. ಹಿನ್ನೆಲೆ ಎಂಬುದು ಇಲ್ಲವಾಯಿತು. ನಿರ್ಣಾಯಕ ಹೆಜ್ಜೆ ಇದೇ. ಮೂರನೆಯದರಲ್ಲಿ ಕಾಂಡವೂ ಹೋಗಿ ಕಮಾನಿನಂಥ ಗೆರೆಗಳ ಜಾಲ ಉಳಿದಿದೆ. ಆದರೆ ಹೊಸ ತೊಂದರೆ ಎದ್ದಿತು: ನಡುವೆ ದಟ್ಟವಾದ ಜಾಲ ಅಂಚಿಗೆ ಬರುತ್ತ ಸೊರಗಿಹೋಗುತ್ತದೆ. ನಾಲ್ಕು ಮೂಲೆಗಳಿಗೆ ಕೆಲಸವೇ ಇಲ್ಲ. ಅದಕ್ಕಾಗಿ ಅವನು ಕೆಲಕಾಲ ಚಿತ್ರವನ್ನು ಅಂಡಾಕಾರದೊಳಗೆ ಕೂರಿಸಿದ. 1915ರ ಸಮುದ್ರದ ಚಿತ್ರಗಳಲ್ಲಿ ಅಲೆಗಳು ಕೂಡುವ, ಕಳೆಯುವ ಚಿಹ್ನೆಗಳಂಥ ಚಿಕ್ಕ ಗೆರೆಗಳಾದವು. 1920ರ ಸುಮಾರಿಗೆ ಉತ್ತರ ಸಿಕ್ಕಿತು. ನಡುವನ್ನು ಖಾಲಿ ಬಿಟ್ಟು ತೂಕವನ್ನು ಅಂಚಿಗೆ ಸರಿಸಿದ.

1930ರ ‘ಕೆಂಪು, ನೀಲಿ, ಹಳದಿ’ ಸಂಯೋಜನೆಯಲ್ಲಿ ಮೇಲೆ ಬಲಕ್ಕೆ ದೊಡ್ಡ ಕೆಂಪು, ಕೆಳಗೆ ಎಡಮೂಲೆಗೆ ಚಿಕ್ಕ ನೀಲಿ, ಬಲಮೂಲೆಗೆ ಇನ್ನೂ ಚಿಕ್ಕ ಹಳದಿ. ಕೆಂಪು ಚಿತ್ರದ ಬಹುಪಾಲನ್ನು ನುಂಗಿದ್ದರೂ ಚಿತ್ರ ವಾಲಿಲ್ಲ. ಎಡಗಡೆ ಎರಡು ಬಿಳಿಗಳ ನಡುವಿನ ಕಪ್ಪು ಪಟ್ಟಿ ಉಳಿದ ಗೆರೆಗಳಿಗಿಂತ ದಪ್ಪವಾಗಿದೆ. ಕೆಂಪಿಗೆ ಎದುರು ತೂಕ ಕೊಡುತ್ತಿರುವುದು ಅದು. ಬೆರಳಿನಿಂದ ಆ ಪಟ್ಟಿಯನ್ನು ಮುಚ್ಚಿ ನೋಡಿ, ಕೆಂಪು ತಕ್ಷಣ ಬಲಕ್ಕೆ ಜಾರುತ್ತದೆ.

ಇದೆಲ್ಲವನ್ನು ಕೈಯಾರೆ ಮಾಡಿ ನೋಡಲು ಬಯಸುವವರಿಗೆ ಮೊಂಡ್ರಿಯನ್‌ನ ದಾರಿಯೇ ಸುಲಭ. ಎದುರಿನ ಒಂದು ವಸ್ತುವನ್ನು ಮೊದಲು ಇದ್ದಂತೆ ಬರೆಯಿರಿ. ಎರಡನೆಯ ಹಾಳೆಯಲ್ಲಿ ಅದನ್ನೇ ಕಪ್ಪು, ಬೂದು, ಬಿಳಿ ಎಂಬ ಮೂರೇ ಛಾಯೆಗೆ ಇಳಿಸಿ. ಮೂರನೆಯದರಲ್ಲಿ ವಸ್ತುವಿನ ಹೊರಗೆರೆ ಬಿಟ್ಟು, ಛಾಯೆಗಳು ಎಲ್ಲಿ ಸೇರುತ್ತವೋ ಅಲ್ಲಿ ಮಾತ್ರ ಅಂಚು ಎಳೆಯಿರಿ; ನೆರಳು ಮತ್ತು ಮೇಜು ಒಂದೇ ಛಾಯೆಯಾಗಿದ್ದರೆ ಅವೆರಡೂ ಈಗ ಒಂದೇ ಆಕಾರ. ನಾಲ್ಕನೆಯದಕ್ಕೆ ಮೂಲವನ್ನು ನೋಡಲೇಬೇಡಿ, ಮೂರನೆಯ ಹಾಳೆಯನ್ನಷ್ಟೇ ನೋಡಿ ಬರೆಯಿರಿ. ಇಲ್ಲಿಂದ ಎಡವಟ್ಟುಗಳು ಶುರುವಾಗುತ್ತವೆ. ಒಂದು ಬದಿಯಿಂದ ಇನ್ನೊಂದು ಬದಿಗೆ ಹಾಯುವ ಅಡ್ಡಗೆರೆ ಹಾಕಿದಿರೋ, ನೋಡುವವರಿಗೆ ಅದು ದಿಗಂತವಾಗಿ ಕೆಳಗಿನದು ನೆಲ, ಮೇಲಿನದು ಆಕಾಶವಾಗುತ್ತದೆ. ಎರಡು ಚುಕ್ಕೆ ಅಕ್ಕಪಕ್ಕ ಒಂದೇ ಎತ್ತರದಲ್ಲಿ ಬಂದರೆ ಕಣ್ಣುಗಳಾಗುತ್ತವೆ. ಆಕಾರ ನಡುಮಧ್ಯದಲ್ಲಿ ಕೂತರೆ ಲಾಂಛನವಾಗುತ್ತದೆ. ಎಲ್ಲ ಆಕಾರಗಳೂ ಒಂದೇ ಅಳತೆಯವಾದರೆ ಕ್ಯಾಂಡಿನ್‌ಸ್ಕಿ ಹೆದರಿದ ರತ್ನಗಂಬಳಿಯೇ ಗತಿ. ಅಳತೆಗಳಲ್ಲಿ ದೊಡ್ಡ ಅಂತರವಿರಲಿ, ಒಂದಾದರೂ ಆಕಾರ ಅಂಚನ್ನು ದಾಟಿ ಹೊರಗೆ ಹೋಗಲಿ.

ಬಣ್ಣದ ವಿಷಯದಲ್ಲಿ ಎರಡು ಎಚ್ಚರಿಕೆ. ತೈಲವರ್ಣದಲ್ಲಿ ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಇರಬೇಕು. ತಿರುವುಮುರುವಾದರೆ ಕಪ್ಪು ಚೌಕದ ಪಾಡು. ಕಪ್ಪು ಬಣ್ಣ ನಿಧಾನವಾಗಿ ಒಣಗುವಂಥದ್ದು, ಅದರ ಮೇಲೆ ಬೇರೆ ಬಣ್ಣ ಹಚ್ಚುವ ಆತುರ ಬೇಡ. ಅಕ್ರಿಲಿಕ್‌ನಲ್ಲಿ ಟೇಪ್ ಅಂಟಿಸಿ ನೇರ ಅಂಚು ತೆಗೆಯುವಾಗ ಹೊಸ ಬಣ್ಣ ಟೇಪಿನ ಅಡಿಗೆ ನುಸುಳಿ ಅಂಚು ಹಲ್ಲುಹಲ್ಲಾಗುತ್ತದೆ. ಅದಕ್ಕೆ ಟೇಪಿನ ಅಂಚಿಗೆ ಮೊದಲು ಅಡಿಯ ಬಣ್ಣವನ್ನೇ ತೆಳುವಾಗಿ ಬಳಿದು ಒಣಗಿಸಿ. ನುಸುಳುವುದೇನಿದ್ದರೂ ಆ ಬಣ್ಣ ನುಸುಳಿ ಸಂದು ಮುಚ್ಚುತ್ತದೆ. ಆಮೇಲೆ ಹೊಸದನ್ನು ಹಚ್ಚಿ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಈ ಪ್ರಶ್ನೆ ನ್ಯೂಯಾರ್ಕ್‌ಗೆ ದಾಟಿತು. ಪೊಲಾಕ್ 1947ರಿಂದ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಎನಾಮೆಲ್ ಬಣ್ಣವನ್ನು ಸುರಿದು, ಕೈಯ ಚಲನೆಯೇ ಚಿತ್ರವನ್ನು ಹಿಡಿದಿಡುವಂತೆ ಮಾಡಿದ. 1952ರಲ್ಲಿ ಹೆಲೆನ್ ಫ್ರಾಂಕೆಂಥಾಲರ್ ತೈಲವರ್ಣವನ್ನು ನೀರಿನಂತೆ ತೆಳ್ಳಗೆ ಮಾಡಿ ಅಸ್ತರಿಲ್ಲದ ಬಟ್ಟೆಗೆ ಇಂಗಿಸಿದಳು; ಚಿತ್ರ ಬಟ್ಟೆಯ ಮೇಲಲ್ಲ, ಬಟ್ಟೆಯೊಳಗೇ ನಿಂತಿತು. ಎಣ್ಣೆ ನೂಲನ್ನು ನಿಧಾನವಾಗಿ ಕೊರೆಯುತ್ತದೆ, ಹಾಗಾಗಿ ಅಂಥ ಕೃತಿಗಳ ಸಂರಕ್ಷಣೆ ಇಂದಿಗೂ ದೊಡ್ಡ ಸವಾಲು.

ಮೊಂಡ್ರಿಯನ್ ಕೂಡ 1940ರಲ್ಲಿ ನ್ಯೂಯಾರ್ಕ್‌ಗೆ ಬಂದ. ಅಲ್ಲಿ ಅವನಿಗೆ ಬಣ್ಣದ ಅಂಟುಪಟ್ಟಿ ಸಿಕ್ಕಿತು. ಬಳಿದ ಗೆರೆಯನ್ನು ಸರಿಸಬೇಕೆಂದರೆ ಕೆರೆದು ಒಣಗಿಸಿ ಮತ್ತೆ ಬಳಿಯಬೇಕು. ಪಟ್ಟಿಯನ್ನಾದರೆ ಕಿತ್ತು ಅರ್ಧ ಬೆರಳಿನಷ್ಟು ಆಚೆ ಅಂಟಿಸಿದರೆ ಸಾಕು. 1941ರ ‘ನ್ಯೂಯಾರ್ಕ್ ಸಿಟಿ 1’ ಹೀಗೆ ಪಟ್ಟಿಗಳಿಂದಲೇ ಮಾಡಿದ, ಮುಗಿಯದೆ ಉಳಿದ ಕೃತಿ. 1980ರಿಂದ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನ ಸಂಗ್ರಹದಲ್ಲಿದೆ. ಅದನ್ನು ದಶಕಗಳಿಂದ ತಲೆಕೆಳಗಾಗಿ ತೂಗುಹಾಕಲಾಗಿದೆ ಎಂದು 2022ರಲ್ಲಿ ಅಲ್ಲಿನ ಕ್ಯುರೇಟರ್ ತೋರಿಸಿಕೊಟ್ಟಾಗ ಲೋಕವೆಲ್ಲ ನಕ್ಕಿತು: ತಲೆ ಯಾವುದು, ಕಾಲು ಯಾವುದು ಎಂದು ಯಾರಿಗೂ ಗೊತ್ತಾಗದ ಚಿತ್ರ ಎಂಥ ಚಿತ್ರ ಎಂದು. ಆದರೆ ಆಧಾರಗಳು ಏನು ಹೇಳುತ್ತವೆ ನೋಡಿ. ಕಲಾವಿದ ತೀರಿಕೊಂಡ ಸ್ವಲ್ಪ ದಿನಗಳಲ್ಲೇ ಅವನ ಸ್ಟುಡಿಯೊದಲ್ಲಿ ತೆಗೆದ ಫೋಟೊದಲ್ಲಿ ದಟ್ಟವಾದ ಪಟ್ಟಿಗಳು ಮೇಲ್ಗಡೆ ಇವೆ. ಪ್ಯಾರಿಸ್‌ನಲ್ಲಿರುವ ಇದರ ಸೋದರಕೃತಿಯಲ್ಲೂ ಹಾಗೆಯೇ. ತೂಗುಹಾಕಿದವರು ದಟ್ಟಣೆಯನ್ನು ಕೆಳಗಿಟ್ಟಿದ್ದರು. ಅದು ಕೆಳಗಿದ್ದರೆ ನೆಲ, ಅದರ ಮೇಲೆ ಬಯಲು ಆಕಾಶ. ಅಂದರೆ ಮತ್ತೆ ನಿಸರ್ಗಚಿತ್ರ. ಮೇಲಿದ್ದರೆ ಆ ಆಸರೆ ಸಿಗುವುದಿಲ್ಲ, ಪಟ್ಟಿಗಳು ತಮ್ಮ ತಮ್ಮ ಅಂತರದ ಮೇಲೆಯೇ ನಿಲ್ಲಬೇಕು. ಮೂವತ್ತು ವರ್ಷ ಅವನು ಚಿತ್ರದಿಂದ ಹೊರಹಾಕುತ್ತ ಬಂದ ದಿಗಂತವನ್ನು ತೂಗುಹಾಕುವವರ ಕೈ ತನಗೆ ತಿಳಿಯದೆಯೇ ಒಳಗೆ ತಂದಿತ್ತು. ಈಗ ಸರಿಪಡಿಸೋಣವೆಂದರೆ ಆಗದು: ಪಟ್ಟಿಗಳ ಅಂಟು ಒಣಗಿ ಕೆಲವು ಹೆಸರಿಗಷ್ಟೇ ಹಿಡಿದುಕೊಂಡಿವೆ, ತಿರುಗಿಸಿದರೆ ಭಾರ ಬೇರೆ ಕಡೆ ಎಳೆದು ಕಳಚಿಬೀಳಬಹುದು. ಹಾಗಾಗಿ ಆ ಕೃತಿಯನ್ನು ಇದ್ದ ಹಾಗೆಯೇ ಇರಿಸಿಕೊಳ್ಳಲು ಸಂಗ್ರಹಾಲಯ ತೀರ್ಮಾನಿಸಿತು.